ಹೊಸೆದರೆ ಹಗ್ಗ, ಗಂಟಿಕ್ಕಿದರೆ ಬಟ್ಟೆ

ಶಂಕರಪುರ ಮಲ್ಲಿಗೆಯ ಚೆಂಡನ್ನು ಬಿಚ್ಚಿ ನೋಡಿದವರಿಗೆ ಗೊತ್ತು, ಅಷ್ಟೂ ಮೊಗ್ಗುಗಳನ್ನು ಹಿಡಿದಿಟ್ಟಿರುವುದು ಬಾಳೆನಾರು. ಒಣಗಿದ ಪಟ್ಟೆಯನ್ನು ನೀರಿಗೆ ಹಾಕಿ ಮೆದು ಮಾಡಿ, ಬೇಕಾದಷ್ಟು ಸಪೂರಕ್ಕೆ ಸೀಳಿ, ತೇವ ಆರುವ ಮೊದಲೇ ಕಟ್ಟಿ ಮುಗಿಸುತ್ತಾರೆ. ನಮ್ಮ ನಾಡಿನಲ್ಲಿ ಬಾಳೆನಾರಿನ ಕಸುಬು ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು. ಹೂ ಕಟ್ಟಿದೆವು, ಸೊಪ್ಪಿನ ಕಂತೆ ಬಿಗಿದೆವು. ಉಡಲು ಹತ್ತಿ ಇತ್ತು. ಬಾವಿಗೂ ದನಕ್ಕೂ ತೆಂಗಿನ ನಾರಿನ ಹಗ್ಗ, ಪುಂಡಿಯ ಹಗ್ಗ, ಕತ್ತಾಳೆಯ ಹಗ್ಗ ಇದ್ದವು. ಬಾಳೆಯ ಹತ್ತಿರ ಹೋಗಿ ನೂಲು ಕೇಳುವ ಪ್ರಮೇಯ ಬರಲಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಹಾಗಾಗಲಿಲ್ಲ. ಅಲ್ಲಿ ಬಾಳೆಯ ದಾಯಾದಿ ಗಿಡವೊಂದು ಎರಡು ಶತಮಾನಕ್ಕೂ ಮೀರಿ ಹಡಗುಗಳ ಪಟ ಹಿಡಿಯಿತು. ಅದೇ ಗಿಡ, ನಾನು ಕಂಡ ಬಟ್ಟೆಗಳಲ್ಲೆಲ್ಲ ಅತ್ಯಂತ ಗಂಭೀರವಾದ ಒಂದು ಬಟ್ಟೆಯೂ ಆಯಿತು. ಈ ವಾರ ಅದರ ಮಾತು.

ಗಿಡದ ಹೆಸರು ಅಬಕಾ. ಸಸ್ಯಶಾಸ್ತ್ರಜ್ಞರಿಗೆ ಮ್ಯೂಸಾ ಟೆಕ್ಸ್‌ಟಿಲಿಸ್. ದೂರದಿಂದ ಬಾಳೆಯೇ. ಹತ್ತಿರ ಹೋದರೆ ಎಲೆ ಕಿರಿದು, ತುದಿ ಚೂಪು, ಗೊನೆ ಸಣ್ಣದು. ಕಾಯಿಯ ಒಳಗೆಲ್ಲ ಬೀಜ, ತಿನ್ನಲು ಬಾರದು. ವ್ಯಾಪಾರಿಗಳು ಇದನ್ನು ಮನಿಲಾ ಹೆಂಪ್ ಎಂದು ಮಾರಿದರೂ ಸೆಣಬಿನ ಕುಲಕ್ಕೂ ಇದಕ್ಕೂ ನಂಟಿಲ್ಲ. ಜ್ವಾಲಾಮುಖಿಯ ಬೂದಿ ಬೆರೆತ ಮಣ್ಣು, ವರ್ಷವಿಡೀ ಹಂಚಿ ಬೀಳುವ ಮಳೆ ಇದಕ್ಕೆ ಇಷ್ಟ. ಬಿಕೋಲ್ ಸೀಮೆ, ಕಟಂಡುವಾನೆಸ್ ದ್ವೀಪ, ದಕ್ಷಿಣದ ಮಿಂಡನಾವೊ, ಇವು ಅಬಕಾದ ತವರು. ನೆಟ್ಟ ಒಂದೂವರೆ ಎರಡು ವರ್ಷಕ್ಕೆ ಮೊದಲ ಕಡಿತ. ಬಳಿಕ ಬುಡದಿಂದ ಕಂದುಗಳು ಎದ್ದು ಹತ್ತು ವರ್ಷ ದಾಟಿಯೂ ಫಸಲು ಕೊಡುತ್ತವೆ.

ಬಾಳೆಯ ದಿಂಡನ್ನು ಸುಲಿದವರಿಗೆ ಅದರ ಕಟ್ಟಡ ಹೊಸದಲ್ಲ. ಎಲೆಗಳ ಬುಡವೇ ಪಟ್ಟೆಯಾಗಿ ಒಂದನ್ನೊಂದು ಸುತ್ತಿಕೊಂಡು ಕಾಂಡದಂತೆ ಕಾಣುತ್ತದೆ. ಅಬಕಾದಲ್ಲಿ ಹೊರಗಿನ ಪಟ್ಟೆಯ ನಾರು ಒರಟು, ಕಂದು ಬಣ್ಣ. ಒಳಗೆ ಹೋದಂತೆ ನಾರು ತೆಳ್ಳಗೆ, ಬೆಳ್ಳಗೆ ಆಗುತ್ತದೆ. ಹಗ್ಗದ ನಾರೂ ಬಟ್ಟೆಯ ನಾರೂ ಒಂದೇ ದಿಂಡಿನೊಳಗಿವೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ಬಲ್ಲ ಕೈ ಬೇಕು, ಅಷ್ಟೆ.

ನಾರು ತೆಗೆಯುವುದು ಮೈಮುರಿಯುವ ಕೆಲಸ. ಪಟ್ಟೆಯ ಹೊರಮೈಯ ಪದರವನ್ನು ಮಾತ್ರ ಎಬ್ಬಿಸಿ ಉದ್ದುದ್ದ ಪಟ್ಟಿ ಮಾಡುತ್ತಾರೆ. ಮರದ ದಿಮ್ಮಿಯ ಮೇಲೆ ಅಲುಗೊಂದನ್ನು ಬಿಗಿಯಾಗಿ ಒತ್ತಿಟ್ಟು, ನಡುವೆ ಪಟ್ಟಿಯನ್ನು ತೂರಿಸಿ, ಕಾಲೂರಿ ಎಳೆಯುತ್ತಾರೆ. ತಿರುಳೂ ನೀರೂ ಅಲುಗಿನ ಹಿಂದೆ ಉಳಿದು, ಆಳುದ್ದ ಮೀರಿದ ಹೊಳೆಯುವ ನಾರು ಈಚೆ ಬರುತ್ತದೆ. ಅಲುಗಿಗೆ ಹಲ್ಲಿದ್ದರೆ ಎಳೆಯುವುದು ಸಲೀಸು, ನಾರು ಮಾತ್ರ ದಪ್ಪ. ಹಲ್ಲಿಲ್ಲದ ನುಣುಪು ಅಲುಗಾದರೆ ರಟ್ಟೆ ಸೋಲುತ್ತದೆ, ಆದರೆ ನಾರು ರೇಷ್ಮೆಯ ಹತ್ತಿರಕ್ಕೆ ಬರುತ್ತದೆ. ನೂರು ಕಿಲೋ ದಿಂಡು ಎಳೆದರೂ ಕೈಗೆ ಸಿಗುವ ಒಣನಾರು ಒಂದೆರಡು ಕಿಲೋ. ಅಬಕಾ ಬಟ್ಟೆಯ ಬೆಲೆ ಕೇಳಿ ಹುಬ್ಬೇರಿಸುವವರು ಮೊದಲು ಈ ಲೆಕ್ಕ ಹಾಕಬೇಕು.

ಹಗ್ಗದ ಕಥೆ ಲೋಕಕ್ಕೆ ಗೊತ್ತಿರುವುದರಿಂದ ಬೇಗ ಹೇಳಿಬಿಡುತ್ತೇನೆ. ನಾರನ್ನು ಒಂದು ದಿಕ್ಕಿಗೆ ಹೊಸೆದರೆ ಹುರಿ. ಹುರಿಗಳನ್ನು ಎದುರು ದಿಕ್ಕಿಗೆ ಹೊಸೆದರೆ ಎಳೆ. ಅಂಥ ಮೂರು ಎಳೆಗಳನ್ನು ಮತ್ತೆ ಮೊದಲಿನ ದಿಕ್ಕಿಗೆ ತಿರುಗಿಸಿದರೆ ಹಗ್ಗ. ಒಂದು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿಯುತ್ತದೆ. ಹಗ್ಗ ನಿಂತಿರುವುದೇ ಈ ಜಗ್ಗಾಟದ ಮೇಲೆ. ನಾರು ಉದ್ದವಾಗಿದ್ದಷ್ಟೂ ಹಿಡಿತ ಹೆಚ್ಚು, ಅಬಕಾದ ನಾರು ಮೂರು ಮೀಟರಿನವರೆಗೂ ಬರುತ್ತದೆ. ಇದಕ್ಕಿಂತ ದೊಡ್ಡ ಗುಣವೆಂದರೆ ಉಪ್ಪುನೀರಿಗೆ ಅದು ಜಗ್ಗುವುದಿಲ್ಲ. ಯುರೋಪಿನ ಸೆಣಬಿನ ಹಗ್ಗಕ್ಕೆ ಕೊಳೆಯದಂತೆ ಟಾರು ಬಳಿಯಬೇಕಿತ್ತು, ಅಬಕಾಕ್ಕೆ ಬೇಕಿರಲಿಲ್ಲ. ಮನಿಲಾದಿಂದ ಅಕಾಪುಲ್ಕೊಗೆ 1565ರಿಂದ 1815ರವರೆಗೆ ಪೆಸಿಫಿಕ್ ದಾಟಿದ ಸ್ಪೇನಿನ ಹಡಗುಗಳ ಹಗ್ಗಗಳು ಈ ನಾರಿನವು. ಅಮೆರಿಕದ ನೌಕಾಪಡೆಯ ಲೆಫ್ಟಿನೆಂಟ್ ಜಾನ್ ವೈಟ್ 1820ರಲ್ಲಿ ಇದರ ಮಾದರಿಯನ್ನು ತನ್ನ ದೇಶಕ್ಕೆ ಒಯ್ದ. ಕೆಲವೇ ವರ್ಷಗಳಲ್ಲಿ ಸೇಲಂ, ಬಾಸ್ಟನ್ ಬಂದರುಗಳಲ್ಲಿ ಮನಿಲಾ ಹಗ್ಗದ್ದೇ ಕಾರುಬಾರು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಫಿಲಿಪ್ಪೀನ್ಸನ್ನು ಹಿಡಿದಾಗ ಅಮೆರಿಕದ ಹಡಗುಗಳಿಗೆ ಹಗ್ಗದ ಬರ ಬಿತ್ತು. ಸೆಣಬು ಬೆಳೆಯಿರೆಂದು ಅಲ್ಲಿನ ಸರ್ಕಾರ ರೈತರಿಗಾಗಿ 1942ರಲ್ಲಿ ಸಿನಿಮಾ ತೆಗೆಸಿತು, ಮಧ್ಯ ಅಮೆರಿಕದಲ್ಲಿ ಅಬಕಾ ತೋಟಗಳನ್ನು ಎಬ್ಬಿಸಿತು. ಯುದ್ಧ ಮುಗಿದ ಮೇಲೆ ನೈಲಾನ್ ಬಂದು ಹಡಗುಕಟ್ಟೆಯನ್ನು ಗೆದ್ದಿತು. ಆದರೂ ಹಿಗ್ಗದೆ ಭಾರ ಹೊರುವ, ಅಂಗೈಯಿಂದ ಜಾರದ ಹಗ್ಗ ಬೇಕಾದ ಕಡೆ, ವ್ಯಾಯಾಮಶಾಲೆಯಲ್ಲಿ, ಹಳೆಯ ರಂಗಮಂದಿರದ ಪರದೆಗಳ ಮೇಲೆ, ಮನಿಲಾ ಹಗ್ಗ ಇನ್ನೂ ಇದೆ. ಈಗ ಅಬಕಾದ ಬಹುಪಾಲು ಹೋಗುವುದು ಕಾಗದಕ್ಕೆ. ಬಿಸಿನೀರಿನಲ್ಲಿ ಮುಳುಗಿಸಿದರೂ ಹರಿಯದ ಚಹಾದ ಪುಡಿಚೀಲ, ಜಪಾನಿನ ಯೆನ್ ನೋಟು, ಎರಡರಲ್ಲೂ ಅಬಕಾ ಇದೆ.

ಇನ್ನು ಬಟ್ಟೆ. ನನಗೆ ಈ ನಾರಿನ ಮೇಲೆ ಮೋಹ ಹುಟ್ಟಿದ್ದು ಇಲ್ಲಿ.

ಮಿಂಡನಾವೊದ ದಕ್ಷಿಣ ಕೋಟಬಾಟೊ ಪ್ರಾಂತ್ಯದಲ್ಲಿ ಸೆಬು ಸರೋವರದ ಸುತ್ತಿನ ಗುಡ್ಡಗಳಲ್ಲಿ ತಿಬೋಲಿ ಜನ ಇದ್ದಾರೆ. ಅವರ ಹೆಂಗಸರು ನೇಯುವ ಬಟ್ಟೆ ತಿನಾಲಕ್. ಮೂರೇ ಬಣ್ಣ: ಕಡು ಕಂದು ಇಲ್ಲವೇ ಕಪ್ಪು, ಇಟ್ಟಿಗೆಗೆಂಪು, ನಾರಿನ ಸ್ವಂತ ಬಿಳಿ. ಮೇಲೆ ಗಾಜಿನಂಥ ಹೊಳಪು. ಹತ್ತಿಯನ್ನೋ ಉಣ್ಣೆಯನ್ನೋ ಬಲ್ಲ ಕಣ್ಣು ಮೊದಲು ಹುಡುಕುವುದು ನೂಲಿನ ತಿರುಚನ್ನು. ತಿನಾಲಕ್‌ನಲ್ಲಿ ತಿರುಚೇ ಇಲ್ಲ. ನಾರನ್ನು ಹೊಸೆಯುವುದಿಲ್ಲ, ನೂಲುವುದಿಲ್ಲ. ಬಾಚಿ ಒಣಗಿಸಿದ ನಾರುಗಳಲ್ಲಿ ಒಂದೇ ದಪ್ಪದವನ್ನು ಆರಿಸಿ, ಒಂದರ ತುದಿಗೆ ಇನ್ನೊಂದರ ತುದಿಯನ್ನು ಕಂಡೂ ಕಾಣದ ಗಂಟಿನಿಂದ ಸೇರಿಸಿ, ಉಳಿದ ತುದಿಯನ್ನು ಕತ್ತರಿಸಿ ಮುಂದುವರಿಯುತ್ತಾರೆ. ಹೀಗೆ ಸಾವಿರಾರು ಗಂಟು. ಹಗ್ಗಕ್ಕೆ ಬಲ ಕೊಟ್ಟ ತಿರುಚನ್ನೇ ಇಲ್ಲಿ ಬಿಟ್ಟುಕೊಟ್ಟಿದ್ದಾರೆ. ತಿರುಚಿದ ನೂಲಿನ ಮೇಲೆ ಬೆಳಕು ಚದುರುತ್ತದೆ. ಚಪ್ಪಟೆಯಾಗಿ ಮಲಗಿದ ನಾರಿನ ಮೇಲೆ ಬೆಳಕು ಇಡಿಯಾಗಿ ನಿಲ್ಲುತ್ತದೆ. ತಿನಾಲಕ್‌ನ ಹೊಳಪಿನ ಮೂಲ ಇದೇ.

ವಿನ್ಯಾಸವೆಲ್ಲ ಹಾಸಿನಲ್ಲಿ. ನಮ್ಮ ಪೋಚಂಪಲ್ಲಿ, ಪಟೋಲಾ ಬಲ್ಲವರಿಗೆ ಇಕ್ಕತ್ ಹೊಸದಲ್ಲ. ನೇಯುವ ಮೊದಲೇ ಎಳೆಗಳನ್ನು ಅಲ್ಲಲ್ಲಿ ಬಿಗಿದು ಕಟ್ಟಿ, ಬಣ್ಣದಲ್ಲಿ ಅದ್ದಿ, ಕಟ್ಟಿದ ಜಾಗ ಬಣ್ಣ ಕುಡಿಯದಂತೆ ಮಾಡುವ ವಿದ್ಯೆ ಅದು. ತಿಬೋಲಿ ಹೆಂಗಸರು ಬಿಳಿಯೂ ಕೆಂಪೂ ಬರಬೇಕಾದ ಜಾಗಗಳನ್ನು ಮೊದಲು ಕಟ್ಟಿ ಕ್ನಾಲುಮ್ ಎಂಬ ಮರದ ಎಲೆಯ ಕಪ್ಪಿನಲ್ಲಿ ಬೇಯಿಸುತ್ತಾರೆ. ಈ ಕಪ್ಪು ದಿನಗಟ್ಟಲೆ ಕುದಿದ ಮೇಲಷ್ಟೇ ನಾರಿಗೆ ಇಳಿಯುತ್ತದೆ. ಆಮೇಲೆ ಕೆಂಪಿನ ಜಾಗದ ಕಟ್ಟು ಬಿಚ್ಚಿ ಲೊಕೊ ಮರದ ಬೇರಿನ ಕೆಂಪು. ಕೊನೆಗೆ ಉಳಿದ ಕಟ್ಟು ಬಿಚ್ಚಿದಾಗ ಬಿಳಿ. ಈ ಎಲ್ಲ ಕಟ್ಟುಗಳಿಗೆ ಕಾಗದದ ಮೇಲೆ ನಕ್ಷೆ ಇಲ್ಲ. ಎಲ್ಲಿ ಕಟ್ಟಬೇಕು ಎನ್ನುವುದು ನೇಕಾರಳ ತಲೆಯಲ್ಲಿದೆ. ವಿನ್ಯಾಸಗಳು ಕನಸಿನಲ್ಲಿ ಬರುತ್ತವೆಂದೂ ಕೊಡುವವಳು ಅಬಕಾದ ದೇವತೆ ಫು ದಾಲುವೆಂದೂ ಅವರ ನಂಬಿಕೆ. ಹೊರಗಿನವರಿಗೆ ಈ ಮಾತು ಪ್ರವಾಸಿಗರ ಆಕರ್ಷಣೆಗೆ ಹೇಳಿದಂತೆ ಕೇಳಿಸಬಹುದು. ನನಗೆ ಹಾಗನ್ನಿಸಿಲ್ಲ. ಅಷ್ಟು ಎಳೆಗಳ ಲೆಕ್ಕವನ್ನು ಹಾಳೆಯ ಹಂಗಿಲ್ಲದೆ ಹಿಡಿದಿಟ್ಟುಕೊಳ್ಳುವ ಮನಸ್ಸು ನಿದ್ದೆಯಲ್ಲೂ ಅದನ್ನೇ ಕಾಣುವುದು ಸಹಜ.

ಮಗ್ಗ ನಮ್ಮ ಗುಂಡಿಮಗ್ಗಕ್ಕಿಂತ ಸರಳ. ಹಾಸಿನ ಒಂದು ತುದಿ ಮನೆಯ ತೊಲೆಗೆ, ಇನ್ನೊಂದು ತುದಿ ನೇಯುವವಳ ಸೊಂಟದ ಹಿಂದೆ ಸುತ್ತಿದ ಪಟ್ಟಿಗೆ. ಬೆನ್ನು ಹಿಂದಕ್ಕೆ ಬಾಗಿದರೆ ಹಾಸು ಬಿಗಿ, ಮುಂದೆ ಬಂದರೆ ಸಡಿಲ. ಸೆಖೆಯಲ್ಲಿ ನಾರು ಒಣಗಿ ಪಟಪಟ ಹರಿಯುವುದರಿಂದ ಬೆಳಗಿನ ತಂಪಿನಲ್ಲಿ, ಸಂಜೆಯ ತಂಪಿನಲ್ಲಿ ಕೂರುತ್ತಾರೆ. ಒಂದು ಬಟ್ಟೆಗೆ ತಿಂಗಳುಗಳು ಹಿಡಿಯುತ್ತವೆ. ಮಗ್ಗದಿಂದ ಇಳಿದ ಮೇಲೆ ಮತ್ತೊಂದು ಕೆಲಸ: ಬಿದಿರ ಕೋಲಿನ ತುದಿಗೆ ಕವಡೆ ಸಿಕ್ಕಿಸಿ, ಮೈಭಾರ ಹಾಕಿ ಬಟ್ಟೆಯನ್ನು ಅಂಗುಲ ಅಂಗುಲವೂ ತಿಕ್ಕುವುದು. ಗಂಟುಗಳು ಕೂರುತ್ತವೆ, ನಾರು ಇನ್ನಷ್ಟು ಚಪ್ಪಟೆಯಾಗುತ್ತದೆ, ಹೊಳಪು ಏಳುತ್ತದೆ.

ಈ ವಿದ್ಯೆಯ ಹೆಸರಾಂತ ಗುರು ಲಾಂಗ್ ದುಲಾಯ್. 1928ರಲ್ಲಿ ಹುಟ್ಟಿ, ಹನ್ನೆರಡರ ವಯಸ್ಸಿನಲ್ಲಿ ತಾಯಿಯಿಂದ ಕಲಿತು, ನೂರರಷ್ಟು ವಿನ್ಯಾಸಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಮೋಡ, ಚಿಟ್ಟೆ, ಮೊಸಳೆ, ಹೂ. 1998ರಲ್ಲಿ ಫಿಲಿಪ್ಪೀನ್ಸ್ ಸರ್ಕಾರ ಅವರಿಗೆ ಜೀವಂತ ನಿಧಿಯ ಗೌರವ ಕೊಟ್ಟಿತು. ಅದೇ ವರ್ಷ ಅದೇ ಗೌರವ ಪಡೆದ ಸಲಿಂತಾ ಮೊನೊನ್ ಬಾಗೊಬೊ ಜನಾಂಗದವರು. ಅವರದೂ ಅಬಕಾ ಬಟ್ಟೆಯೇ, ಇನಬಲ್ ಎಂದು ಹೆಸರು. ತಮ್ಮ ಕಾಲಾನಂತರ ಕನಸು ನಿಲ್ಲಬಾರದೆಂದು ಲಾಂಗ್ ದುಲಾಯ್ ಸೆಬು ಸರೋವರದ ಬಳಿ ನೇಯ್ಗೆಯ ಶಾಲೆ ನಡೆಸಿದರು. 2015ರಲ್ಲಿ ತೀರಿಕೊಂಡರು.

ಜಪಾನಿನ ಒಕಿನಾವದಲ್ಲೂ ಬಾಳೆಯ ಇನ್ನೊಂದು ಬಂಧುವಿನ ನಾರಿನಿಂದ ಬಾಶೋಫು ಎಂಬ ಬಟ್ಟೆ ನೇಯುತ್ತಾರೆ. ಅದರ ನಡೆಯೇ ಬೇರೆ. ಬೂದಿನೀರಿನಲ್ಲಿ ಪಟ್ಟೆ ಬೇಯಿಸಿ, ಬಿದಿರ ಚಿಮಟಿಗೆಯಿಂದ ಸವರಿ ನಾರು ತೆಗೆಯುತ್ತಾರೆ. ಬೇಸಿಗೆಯ ಸೆಖೆಯಲ್ಲಿ ಮೈಗಂಟದ, ಗಾಳಿಯಾಡುವ ಹಗುರ ಬಟ್ಟೆ. ಒಂದು ಕಿಮೊನೊಗೆ ಸುಮಾರು 200 ಗಿಡ ಬೇಕು. ಯುದ್ಧಾನಂತರ ಅಮೆರಿಕದ ಸೇನೆ ಸೊಳ್ಳೆಯ ಕಾಟವೆಂದು ಈ ಗಿಡಗಳನ್ನು ಕಡಿಸಿತ್ತು. ಕಿಜೋಕಾ ಎಂಬ ಹಳ್ಳಿಯ ತೊಶಿಕೊ ತೈರಾ ಉಳಿದ ಗಿಡಗಳನ್ನು ಬೆಳೆಸಿ, ಗಂಡಂದಿರನ್ನು ಯುದ್ಧದಲ್ಲಿ ಕಳೆದುಕೊಂಡ ಹೆಂಗಸರನ್ನು ಕೂಡಿಸಿ, ಕಸುಬನ್ನು ಮತ್ತೆ ನಿಲ್ಲಿಸಿದರು. 2022ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ಅವರು ಹೋದರು. ಬಟ್ಟೆ ಉಳಿದಿದೆ.

ನಮ್ಮಲ್ಲಿ ಕಣ್ಣಿಗೆ ಬೀಳುವ ಪ್ರಯತ್ನ ಹಂಪಿಯ ಎದುರು ದಡದ ಆನೆಗೊಂದಿಯದು. ಕಿಷ್ಕಿಂದ ಟ್ರಸ್ಟ್‌ನ ಆಸರೆಯಲ್ಲಿ ಅಲ್ಲಿನ ಹೆಂಗಸರು ಗೊನೆ ಕಡಿದ ಮೇಲೆ ತೋಟದಲ್ಲಿ ಬಿಸಾಡಿದ ಬಾಳೆಪಟ್ಟೆಯನ್ನು ಒಣಗಿಸಿ, ಸೀಳಿ, ಹೊಸೆದು ಚೀಲ, ಚಾಪೆ, ಬುಟ್ಟಿ ಮಾಡುತ್ತಾರೆ. ಇದು ಹಗ್ಗದ ದಾರಿ, ಬಟ್ಟೆಯ ದಾರಿಯಲ್ಲ. ಅದರಲ್ಲಿ ಕೊರತೆಯೇನೂ ನನಗೆ ಕಾಣದು. ಹಣ್ಣಿನ ಬಾಳೆಯ ಪಟ್ಟೆಗೆ ಹೊಸೆತವೇ ಒಪ್ಪುತ್ತದೆ, ಅವರು ಪದಾರ್ಥದ ಗುಣವನ್ನು ಸರಿಯಾಗಿ ಓದಿದ್ದಾರೆ. ಹೊಳಪು ಬರಲೆಂದು ಅದಕ್ಕೆ ವಾರ್ನಿಶ್ ಬಳಿಯುವ ಕೆಲವು ಅಂಗಡಿಗಳವರು ಮಾತ್ರ ಆ ಕೆಲಸ ಬಿಡಬೇಕು.

ತಿನಾಲಕ್‌ಗೆ ಮರಳಿ ಒಂದು ಮಾತು ಹೇಳಲೇಬೇಕು. ತಿಬೋಲಿ ಜನರಲ್ಲಿ ಈ ಬಟ್ಟೆ ಮದುವೆಯ ಕೊಡು-ಕೊಳೆಯಲ್ಲಿ ಕುದುರೆ, ಎಮ್ಮೆಗಳ ಸಮಕ್ಕೆ ನಿಂತದ್ದು. ಇದನ್ನು ದಾಟಿ ಹೋಗಬಾರದು, ಕತ್ತರಿಸಬಾರದು. ಕತ್ತರಿಸಿದರೆ ಕಾಯಿಲೆ ಬರುತ್ತದೆಂಬ ಭಯ. ಮಾರುವಾಗ ಫು ದಾಲುವನ್ನು ಸಮಾಧಾನಪಡಿಸಲು ಹಿತ್ತಾಳೆಯ ಬಳೆಯನ್ನು ಬಟ್ಟೆಗೆ ಕಟ್ಟುತ್ತಿದ್ದರು. ಇವತ್ತು ಪೇಟೆಯಲ್ಲಿ ಸಿಗುವುದು ತಿನಾಲಕ್‌ನ ಪರ್ಸು, ಚಪ್ಪಲಿಯ ಪಟ್ಟಿ, ಫೋಲ್ಡರು. ಅದರಿಂದ ನೇಯುವವರ ಒಲೆ ಉರಿಯುವುದಾದರೆ ನಾನು ಬೇಡವೆನ್ನಲಾರೆ. ಆದರೆ ತಿಂಗಳುಗಟ್ಟಲೆ ಕಟ್ಟಿ, ಬಿಚ್ಚಿ, ನೇಯ್ದ ಮೊಸಳೆಯ ಬೆನ್ನು ಒಂದು ಪರ್ಸಿನ ಜಿಪ್ಪಿನ ಕೆಳಗೆ ಅರ್ಧಕ್ಕೆ ತುಂಡಾಗುವುದು ತಪ್ಪು, ಅದನ್ನು ತಪ್ಪೆಂದೇ ಹೇಳಬೇಕು. ಚೀಲಕ್ಕೆ ಯಂತ್ರದ ಬಟ್ಟೆ ಸಾಕಷ್ಟಿದೆ.

ಆ ಕಡೆ ಪ್ರವಾಸ ಹೋಗುವ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಕೊಳ್ಳುವುದಾದರೆ ನೇಯ್ದವರ ಕೈಯಿಂದ, ಇಡೀ ಬಟ್ಟೆ ಕೊಳ್ಳಿ. ತಿರುಗಿಸಿ ಬೆಳಕಿಗೆ ಹಿಡಿದು ನೋಡಿ: ಅಲ್ಲಲ್ಲಿ ಸಣ್ಣ ಗಂಟು ಬೆರಳಿಗೆ ತಗುಲಬೇಕು, ವಿನ್ಯಾಸದ ಅಂಚು ಕೊಂಚ ಹರಡಿರಬೇಕು. ಅಂಚು ಗೆರೆ ಎಳೆದಂತೆ ಚೊಕ್ಕವಾಗಿದ್ದರೆ ಅದು ಅಚ್ಚು ಹಾಕಿದ್ದು, ಬಿಟ್ಟುಬನ್ನಿ. ಮನೆಗೆ ತಂದ ಮೇಲೆ ಮಡಿಸಬೇಡಿ, ಮಡಿಕೆಯ ಗೆರೆಯಲ್ಲಿ ನಾರು ಮುರಿಯುತ್ತದೆ, ಕೋಲಿಗೆ ಸುತ್ತಿಡಿ. ಬಿಸಿಲಿಗೆ ಹಾಕಬೇಡಿ. ಕತ್ತರಿಯನ್ನಂತೂ ಹತ್ತಿರ ತರಲೇಬೇಡಿ.