ಕಂಚಿನ ಕಂಠಕ್ಕೂ ವಯಸ್ಸಾಗುತ್ತದೆ

ಬೆಂಗಳೂರಿನ ಕಾರ್ಖಾನೆಗಳ ಪ್ರದೇಶ ಪೀಣ್ಯ, ದಾಸರಹಳ್ಳಿ ಕಡೆಯ ಗೋಡೆಗಳ ಮೇಲೆ ‘ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ’, ‘ಮನೆ ಬಾಡಿಗೆಗಿದೆ’ ಎಂಬ ಚೀಟಿಗಳ ನಡುವೆ ಆಗಾಗ ಇನ್ನೊಂದು ಪೋಸ್ಟರ್ ಕಾಣಿಸುತ್ತದೆ. ‘ಕುರುಕ್ಷೇತ್ರ’ ಪೌರಾಣಿಕ ನಾಟಕದ್ದು. ಕೆಳಗೆ ಸಾಲುಸಾಲಾಗಿ ಪಾತ್ರಧಾರಿಗಳ ಪಾಸ್‌ಪೋರ್ಟ್ ಅಳತೆಯ ಫೋಟೋಗಳು: 1ನೇ ಶ್ರೀಕೃಷ್ಣ, 2ನೇ ಶ್ರೀಕೃಷ್ಣ, ಕೆಲವೊಮ್ಮೆ 3ನೇ ಶ್ರೀಕೃಷ್ಣ. ದುರ್ಯೋಧನನೂ ಒಬ್ಬನೇ ಅಲ್ಲ. ಹೊಸಬರಿಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ಲೆಕ್ಕ ಸರಳ. ನಾಟಕ ರಾತ್ರಿಯಿಡೀ ನಡೆಯುತ್ತದೆ, ಕೃಷ್ಣನಿಗೆ ಹಾಡುಗಳು ಹೆಚ್ಚು, ಪಾತ್ರ ಹಿಡಿಯುವ ಕಾರ್ಖಾನೆ ಕೆಲಸಗಾರರೇ ಖರ್ಚಿಗೂ ಹಣ ಹಾಕಬೇಕು. ಹಾಗಾಗಿ ದೇವರನ್ನು ಹಂಚಿಕೊಳ್ಳುತ್ತಾರೆ. ಪ್ರೇಕ್ಷಕರು ಅದನ್ನು ಪ್ರಶ್ನಿಸುವುದಿಲ್ಲ. ಸಂಧಾನಕ್ಕೆ ಹೊರಟ ಕೃಷ್ಣನ ದನಿ ತಾರಕದಲ್ಲಿರುತ್ತದೆ, ಯುದ್ಧಭೂಮಿಯ ಹೊತ್ತಿಗೆ ಅದೇ ಕೃಷ್ಣನಿಗೆ ಅರವತ್ತು ದಾಟಿದ ಒಡಕು ದನಿ ಬಂದಿರುತ್ತದೆ.

ಕಲಾವಿದರ ದನಿಗೆ ವಯಸ್ಸಾಗುವ ಸಂಗತಿಯನ್ನು ಕನ್ನಡದ ಕಂಪನಿ ನಾಟಕ ಪರಂಪರೆ ಹೇಗೆ ನಿಭಾಯಿಸಿತು ಎಂದು ಕೇಳುವುದಕ್ಕೆ ಈ ಪೋಸ್ಟರ್ ಒಳ್ಳೆಯ ಆರಂಭ. ನಿಭಾಯಿಸಲೇ ಇಲ್ಲ ಎನ್ನುವುದು ಅರ್ಧ ಉತ್ತರ.

ಈ ಪರಂಪರೆಯ ಅತಿ ದೊಡ್ಡ ಹೊಗಳಿಕೆ ‘ಕಂಚಿನ ಕಂಠ’. ಕಂಚು ಮುಪ್ಪಾಗುವುದಿಲ್ಲ, ಬಡಿದಷ್ಟೂ ಮೊಳಗುತ್ತದೆ. ಮೈಕ್ ಇಲ್ಲದ ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು. ಟೆಂಟಿನ ಕೊನೆಯ ಸಾಲಿನಲ್ಲಿ ಕೂತವನಿಗೂ ಕಂದ ಪದ್ಯದ ಅಕ್ಷರ ಅಕ್ಷರ ತಲುಪಬೇಕಿತ್ತು. ಹಾಗೆ ತಲುಪಿಸುವುದು ಏರು ಶ್ರುತಿ, ಬಿಗಿ ಉಚ್ಚಾರ ಮತ್ತು ಎದೆಯಿಂದ ಒದ್ದು ಬರುವ ಉಸಿರು. ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ ‘ಕುರುಕ್ಷೇತ್ರ’ವನ್ನು ರಂಗಕ್ಕೆ ತಂದಾಗ ಆನೆ ಕುದುರೆಗಳೂ ವೇದಿಕೆ ಏರಿದ್ದವು, ಅಂಥ ಸಂತೆಯಲ್ಲಿ ಮೆಲುದನಿಗೆ ಜಾಗವೆಲ್ಲಿ? ಹೀಗೆ ಪಾತ್ರಕ್ಕೊಂದು ದನಿ ಗಟ್ಟಿಯಾಯಿತು. ದುರ್ಯೋಧನನೆಂದರೆ ಆರ್ಭಟ, ಕೃಷ್ಣನೆಂದರೆ ನಗುಬೆರೆತ ತಾರಸ್ಥಾಯಿ. ಮೈಕ್ ಬಂದ ಮೇಲೂ ಶ್ರುತಿ ಇಳಿಯಲಿಲ್ಲ. ತೊಂದರೆ ಅಲ್ಲಿಂದಲೇ ಶುರುವಾಯಿತು.

ದೇಹ ಈ ಕಟ್ಟಳೆಗೆ ಬಗ್ಗುವುದಿಲ್ಲವಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಹುಡುಗರ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಮುಪ್ಪಿನಲ್ಲಿ ಧ್ವನಿತಂತುಗಳು ತೆಳುವಾಗಿ ಗಂಡಸರ ದನಿ ಸ್ವಲ್ಪ ಮೇಲಕ್ಕೇರುತ್ತದೆ, ನಡುಗುತ್ತದೆ, ಉಸಿರು ಸೋರುತ್ತದೆ. ಹೆಂಗಸರದು ತಿರುಗುಮುರುಗು: ಮುಟ್ಟು ನಿಂತ ಮೇಲೆ ದನಿ ದಪ್ಪಗಾಗಿ ಕೆಳಗಿಳಿಯುತ್ತದೆ. ಪೀಣ್ಯದ ನಟನಿಗೆ ಇದರ ಮೇಲೆ ಇನ್ನೊಂದು ಹೊರೆ. ಹಗಲೆಲ್ಲ ಪ್ರೆಸ್ ಶಾಪಿನ ಗದ್ದಲದಲ್ಲಿ ನಿಂತವನು ಪಕ್ಕದವನೊಡನೆ ಮಾತಾಡಲೂ ಕೂಗಲೇಬೇಕು. ಸದ್ದು ಹೆಚ್ಚಿದಂತೆ ಮನುಷ್ಯ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಆ ಗಂಟಲನ್ನೇ ಹೊತ್ತುಕೊಂಡು ಸಂಜೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂರಬೇಕು.

ಕಂಚಿನ ಕಂಠದ ಈ ಶಾಲೆಯ ಅತ್ಯುತ್ತಮ ವಿದ್ಯಾರ್ಥಿ, ನಟ ರಾಜ್‌ಕುಮಾರ್, ಪೀಣ್ಯದ ಮಗ್ಗುಲಲ್ಲೇ ಮಲಗಿದ್ದಾರೆ. ತುಮಕೂರು ರಸ್ತೆಯ ಗೊರಗುಂಟೆಪಾಳ್ಯದಿಂದ ರಿಂಗ್ ರಸ್ತೆಗೆ ತಿರುಗಿದರೆ ಕಂಠೀರವ ಸ್ಟುಡಿಯೋ. ಅಲ್ಲಿ ರಾಜ್‌ಕುಮಾರ್, ಅಂಬರೀಶ್, ಪುನೀತ್ ಮೂವರ ಸಮಾಧಿಗಳೂ ಒಂದೇ ಆವರಣದಲ್ಲಿವೆ. ಮೂರು ದನಿಗಳು, ವಯಸ್ಸಿನೊಡನೆ ಮೂರು ಬಗೆಯ ವ್ಯವಹಾರ.

ಗುಬ್ಬಿ ಕಂಪನಿಯಲ್ಲಿ ರೌದ್ರ ಪಾತ್ರಗಳಿಗೆ ಹೆಸರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ದಲ್ಲಿ ಮಾತಾಡುವುದು ಪೂರ್ತಿ ರಂಗದ ದನಿಯಲ್ಲಿ; ಕ್ಯಾಮೆರಾ ಎದುರಿಗಿದ್ದರೂ ಕಣ್ಣು ಟೆಂಟಿನ ಕೊನೆಯ ಸಾಲಿನ ಮೇಲೆ. ಮುಂದಿನ ಎರಡು ದಶಕ ಅವರ ಹಾಡಿನ ದನಿ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸ್ ಅವರದು. 1974ರ ‘ಸಂಪತ್ತಿಗೆ ಸವಾಲ್’ನಿಂದ ಅವರೇ ಹಾಡತೊಡಗಿದಾಗ ವಯಸ್ಸು 45. ಬೇರೆ ಗಾಯಕರು ಇಳಿಮುಖದ ಲೆಕ್ಕ ಹಾಕುವ ಪ್ರಾಯ ಅದು. 1977ರ ‘ಬಭ್ರುವಾಹನ’ದಲ್ಲಿ ಅಪ್ಪ ಅರ್ಜುನನೂ ಮಗ ಬಭ್ರುವಾಹನನೂ ಅವರೇ. ಇಬ್ಬರೂ ಎದುರುಬದುರು ನಿಂತು ಜರೆದಾಡುವ ದೃಶ್ಯವನ್ನು ಕಣ್ಣು ಮುಚ್ಚಿ ಕೇಳಬೇಕು. ಅರ್ಜುನನ ಮಾತಿಗೆ ಭಾರವಿದೆ, ಪದದ ಕೊನೆಯಲ್ಲಿ ಒಂದು ತಡೆ ಇದೆ. ಮಗನ ಮಾತು ಆ ತಡೆಗೆ ಕಾಯದೆ ಮೇಲೆ ಬೀಳುತ್ತದೆ. ಮುಪ್ಪನ್ನು ತೋರಿಸಲು ಅವರು ಕೆಮ್ಮಲಿಲ್ಲ, ನಡುಗಲಿಲ್ಲ. ಉಸಿರಿನ ಲೆಕ್ಕವನ್ನಷ್ಟೇ ಬದಲಿಸಿದರು. 1983ರ ‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪುವಿನಲ್ಲಿ ತಂದೆಯ ಕಾಲದ ಆರ್ಭಟಕ್ಕೆ ಮರಳುವ ಹೊತ್ತಿಗೆ ಆ ಆರ್ಭಟ ಅವರಿಗೆ ಒಂದೇ ದಾರಿಯಾಗಿರಲಿಲ್ಲ, ಆಯ್ದುಕೊಂಡ ದಾರಿಯಾಗಿತ್ತು. 1992ರ ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆಗ ಅವರಿಗೆ ಅರವತ್ತು ದಾಟಿತ್ತು. ಆ ದನಿಯಲ್ಲಿ ಕಂಚು ಕಡಿಮೆ, ಬೆಂದ ಮಣ್ಣು ಹೆಚ್ಚು.

ಆ ಹಿರಣ್ಯಕಶಿಪುವಿನ ಎದುರು ಪ್ರಹ್ಲಾದನಾಗಿ ನಿಂತದ್ದು ರಾಜ್‌ಕುಮಾರ್ ಅವರ ಮಗ ಪುನೀತ್. ಬಾಲಕನಾಗಿ ತನ್ನ ದನಿಯಲ್ಲೇ ಹಾಡಿದ, 1985ರ ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಹುಡುಗ 1989ರ ‘ಪರಶುರಾಮ್’ ನಂತರ ತೆರೆಯಿಂದ ಮರೆಯಾಗಿ ಮತ್ತೆ ಕಂಡದ್ದು 2002ರ ‘ಅಪ್ಪು’ವಿನಲ್ಲಿ. ದನಿ ಒಡೆಯುವ ವರ್ಷಗಳನ್ನು ನಾಡು ಕೇಳಲೇ ಇಲ್ಲ. ಆ ಮರೆ ಅವರಿಗೆ ಒಳ್ಳೆಯದನ್ನೇ ಮಾಡಿತು ಎನ್ನಬೇಕು. ಜನ ಹಳೆಯ ಎಳೆದನಿಯನ್ನು ನೆನಪಿನಲ್ಲೂ ಹೊಸದನ್ನು ಎದುರಿಗೂ ಇಟ್ಟುಕೊಂಡರು. 2021ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ‘ಜೇಮ್ಸ್’ ಚಿತ್ರದ ಡಬ್ಬಿಂಗ್ ಬಾಕಿಯಿತ್ತು. 2022ರ ಮಾರ್ಚ್‌ನಲ್ಲಿ ಚಿತ್ರ ಬಂದದ್ದು ಅಣ್ಣ ಶಿವರಾಜ್‌ಕುಮಾರ್ ಅವರ ದನಿಯಲ್ಲಿ. 46ರ ತಮ್ಮನ ಮುಖಕ್ಕೆ ಅರವತ್ತರ ಹೊಸ್ತಿಲಿನ ಅಣ್ಣನ ಗಂಟಲು. ಮುಂದಿನ ತಿಂಗಳೇ ತಂತ್ರಜ್ಞಾನದ ನೆರವಿನಿಂದ ಪುನೀತರದೇ ದನಿ ಕೂಡಿಸಿದ ಆವೃತ್ತಿ ಬಂತು. ಅಭಿಮಾನಿಗಳಿಗೆ ಎರಡನೆಯದು ಪ್ರಿಯವಾದದ್ದು ಸಹಜ. ಆದರೆ ನಾಟಕದ ಕಿವಿಯಿಂದ ಕೇಳಿದರೆ ಮೊದಲನೆಯದರಲ್ಲಿ ಒಬ್ಬ ಜೀವಂತ ಮನುಷ್ಯ ಇನ್ನೊಬ್ಬನ ಪಾತ್ರವನ್ನು ಎತ್ತಿಕೊಂಡು ನಡೆಯುವ ಸದ್ದಿದೆ. ಎರಡನೇ ಕೃಷ್ಣ ಮೊದಲನೇ ಕೃಷ್ಣನ ಕಿರೀಟ ತೊಟ್ಟ ಹಾಗೆ.

ಅಂಬರೀಶ್ ಅವರದು ಬೇರೆ ಜಾಯಮಾನ. 1972ರ ‘ನಾಗರಹಾವು’ ಚಿತ್ರದ ಪುಂಡ ಜಲೀಲನಿಂದ ಕೊನೆಯವರೆಗೂ ಅವರು ಪಾತ್ರಕ್ಕಾಗಿ ದನಿ ಬದಲಿಸಿದ್ದು ಕಡಿಮೆ; ಪಾತ್ರಗಳೇ ಅವರ ದನಿಗೆ ಒಗ್ಗಿಕೊಂಡವು. 2018ರಲ್ಲಿ ಬಂದ ಚಿತ್ರದ ಹೆಸರೇ ‘ಅಂಬಿ ನಿಂಗ್ ವಯಸ್ಸಾಯ್ತೋ’. ಅಲ್ಲಿ ಪ್ರಾಯದ ಅಂಬಿಯಾಗಿ ಸುದೀಪ್ ನಿಂತರು. ವಯಸ್ಸಾಯಿತೆಂದು ಶೀರ್ಷಿಕೆಯಲ್ಲೇ ಒಪ್ಪಿಕೊಳ್ಳುವ ಧೈರ್ಯ ನಮ್ಮ ನಾಯಕನಟರಲ್ಲಿ ಅಪರೂಪ.

ಹೆಣ್ಣುದನಿಯ ಕಥೆಯನ್ನು ಈ ಶಾಲೆ ಇನ್ನೂ ಅಡ್ಡಾದಿಡ್ಡಿ ಬರೆದಿದೆ. ಬೆಳಗಾವಿ ಸೀಮೆಯ ರಂಗನಟ ಏಣಗಿ ಬಾಳಪ್ಪ (1914–2017) ಎಳೆ ವಯಸ್ಸಿನಲ್ಲಿ ಸ್ತ್ರೀಪಾತ್ರ ಮಾಡಿ, ಮುಂದೆ ಬಸವಣ್ಣನಾಗಿ ಹೆಸರಾದರು. ದನಿ ಬದಲಾದಂತೆ ಪಾತ್ರವೂ ಬದಲಾಯಿತು, ಗೌರವ ಕುಂದಲಿಲ್ಲ. ಯಕ್ಷಗಾನದಲ್ಲೂ ಬಾಲಗೋಪಾಲ, ಸ್ತ್ರೀವೇಷ, ಪುಂಡುವೇಷ ಎಂದು ಮೆಟ್ಟಿಲುಗಳಿವೆ. ದೇಹ ಬೆಳೆದಂತೆ ವೇಷ ಬದಲಾಗುವುದಕ್ಕೆ ಅಲ್ಲಿ ದಾರಿಯಿದೆ. ಪೀಣ್ಯದ ಕುರುಕ್ಷೇತ್ರದಲ್ಲಿ ಮಾತ್ರ ಆ ಮೆಟ್ಟಿಲು ಹೆಂಗಸರಿಗಷ್ಟೇ. ಸಂಭಾವನೆ ಕೊಟ್ಟು ಕರೆಸುವ ವೃತ್ತಿನಟಿಯ ದನಿ ದಪ್ಪಗಾದರೆ ಆಕೆ ದ್ರೌಪದಿಯಿಂದ ಕುಂತಿಗೆ, ಕುಂತಿಯಿಂದ ಗಾಂಧಾರಿಗೆ ಸರಿಯಬೇಕು. ದುಡ್ಡು ಹಾಕಿದ ಗಂಡಸು ಅರವತ್ತರಲ್ಲೂ ಕೃಷ್ಣನೇ. ಕಂಚಿನ ಕಂಠದ ಪರಂಪರೆಯ ದೊಡ್ಡ ಅನ್ಯಾಯ ಇದು. ಅದರ ಬಗ್ಗೆ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ.

ಈ ಸಾಲನ್ನು ಮುರಿದವರು ಗುಬ್ಬಿ ವೀರಣ್ಣನವರ ಮೊಮ್ಮಗಳೇ. ಬಿ. ಜಯಶ್ರೀ ಒಂದು ಕಾಲಕ್ಕೆ ಮಾಧವಿ, ಅಂಬಿಕಾರಂಥ ನಾಯಕಿಯರಿಗೆ ದನಿ ಕೊಟ್ಟವರು. ತೆರೆಯ ಮೇಲಿನ ಎಷ್ಟೋ ನವಿರು ಮಾತುಗಳ ಹಿಂದೆ ಇದ್ದದ್ದು ಅವರ ಗಂಟಲು. 2001ರ ‘ನನ್ನ ಪ್ರೀತಿಯ ಹುಡುಗಿ’ಯಲ್ಲಿ ಅವರು ಹಾಡಿದ್ದು ಒರಟೊರಟಾದ, ಜಾತ್ರೆಯ ದೂಳು ಮೆತ್ತಿದ ದನಿಯಲ್ಲಿ. ಹುಡುಗರು ಕುಣಿದರು. ‘ಕರಿಮಾಯಿ’ಯಂಥ ನಾಟಕಗಳಲ್ಲಿ ಅವರ ತಗ್ಗುಸ್ಥಾಯಿಗೆ ಬಂದ ಶಕ್ತಿ, ಕಂಠವನ್ನು ಕಾಪಿಟ್ಟುಕೊಂಡದ್ದರಿಂದ ಬಂದದ್ದಲ್ಲ. ಅದು ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಪಾತ್ರವನ್ನೂ ಕರೆದೊಯ್ದದ್ದರಿಂದ ಬಂದದ್ದು. ನಗರದ ಇನ್ನೊಂದು ತುದಿ, ವೈಟ್‌ಫೀಲ್ಡ್ ಕಡೆಯ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ 27 ವರ್ಷ ದುಡಿದ ಗಾಯಕ ಸಿ. ಅಶ್ವತ್ಥ್ ಅವರದೂ ಇಂಥದೇ ಹಾದಿ. 2005ರಲ್ಲಿ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಹಾಡಿದಾಗ ಅವರಿಗೆ 65. ಸ್ವರ ಸೀಳಿದ ಕಡೆ ಮುಚ್ಚಿಡಲು ಹೋಗದೆ ಆ ಸೀಳನ್ನೇ ಹಾಡಿನ ಭಾವವಾಗಿಸಿದರು.

ಪೀಣ್ಯದ ಮೈದಾನದಲ್ಲಿ ಇದೆಲ್ಲ ಯಾರೂ ಪಾಠವಾಗಿ ಹೇಳಿಕೊಡುವುದಿಲ್ಲ. ಆದರೂ ಬೆಳಗಿನ ಜಾವ ನಾಲ್ಕರ ಹೊತ್ತಿಗೆ, ಮುಂದಿನ ಸಾಲಿನ ಮಕ್ಕಳೆಲ್ಲ ಜಮಖಾನದ ಮೇಲೆ ಮಗುಚಿಕೊಂಡಿರುವಾಗ, ನವಿಲುಗರಿ ಸರಿಮಾಡಿಕೊಳ್ಳುತ್ತ ಕೊನೆಯ ಕೃಷ್ಣ ಪರದೆಯ ಮಗ್ಗುಲಿನಿಂದ ಹಾರ್ಮೋನಿಯಂ ಮೇಷ್ಟ್ರ ಕಡೆ ಬಗ್ಗಿ ಏನೋ ಪಿಸುಗುಡುವುದುಂಟು. ಮೇಷ್ಟ್ರು ಮುಖ ಎತ್ತುವುದಿಲ್ಲ. ಬೆರಳು ಮಾತ್ರ ಕಪ್ಪು ಎರಡರಿಂದ ತಗ್ಗು ಶ್ರುತಿಯ ಬಿಳಿ ಒಂದಕ್ಕೆ ಜಾರುತ್ತದೆ.