ಯಾರ ಕಿವಿಯನ್ನು ನಂಬೋಣ?

ವಿಮರ್ಶಕನಿಗೆ ಕಾವ್ಯ ನಾಟಕಗಳೇ ಬೇಕೆಂದಿದ್ದ ಕಾಲ ಹೋಯಿತು. ಬೆಲೆಬಾಳುವ ಸ್ಪೀಕರುಗಳಿಗೂ ಈಗ ವಿಮರ್ಶಕರಿದ್ದಾರೆ. ಅವರ ಮಾತು ನಂಬಿ ಜನ ಲಕ್ಷಗಟ್ಟಲೆ ಹಣ ಸುರಿಯುತ್ತಾರೆ. ಕವನಸಂಕಲನದ ವಿಮರ್ಶೆ ಓದಿ ಮೋಸಹೋದವನು ಪುಸ್ತಕದ ಬೆಲೆಯಷ್ಟೇ ಕಳೆದುಕೊಂಡಾನು. ಇಲ್ಲಿ ಹೋಗುವುದು ಒಂದು ಸಂಸಾರದ ಉಳಿತಾಯ. ಆದುದರಿಂದ ಈ ವಿಮರ್ಶೆಯನ್ನೂ ಒಮ್ಮೆ ವಿಮರ್ಶಿಸಬೇಕು.

ಕೊಳ್ಳೇಗಾಲದ ನನ್ನ ಸ್ನೇಹಿತರೊಬ್ಬರು, ನಿವೃತ್ತ ಉಪಾಧ್ಯಾಯರು, ನಿವೃತ್ತಿಯ ಹಣದಲ್ಲಿ ಎರಡು ಲಕ್ಷ ಬೇರೆ ತೆಗೆದಿಟ್ಟಿದ್ದಾರೆ. ಒಂದು ಕಟ್ಟು ವಿಮರ್ಶೆಗಳನ್ನು ನನಗೆ ಕಳಿಸಿ, “ಇವರಲ್ಲಿ ಯಾರನ್ನು ನಂಬಲಿ, ನೀವೇ ಹೇಳಿ ಸ್ವಾಮಿ” ಎಂದು ಕೇಳಿದರು. ಎಲ್ಲವನ್ನೂ ಓದಿದೆ. ಒಬ್ಬನಿಗೆ ಆ ಪೆಟ್ಟಿಗೆಯ ನಾದ ಬೆಚ್ಚಗಿದೆ, ಮತ್ತೊಬ್ಬನಿಗೆ ಅದೇ ನಾದ ಮಂಕಾಗಿದೆ; ಮೂರನೆಯವನಿಗೆ ಅದು ರೇಷ್ಮೆಯಂತಿದೆಯಂತೆ! ಕೊಳ್ಳೇಗಾಲದವರಿಗೆ ಈ ಮಾತು ಹೇಳಬಾರದಿತ್ತು. ರೇಷ್ಮೆಯ ಊರಿನವರು ಹೊಗಳಿಕೆಗೆ ಮರುಳಾಗುವುದಿಲ್ಲ. ಅನುಮಾನ ಬಂದರೆ ಒಂದು ಎಳೆ ಕಿತ್ತು ಸುಟ್ಟು ಮೂಸಿ ನೋಡುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆಯೆಂದು ನಂಬುತ್ತಾರೆ. ಹಾಗೆ ಸುಟ್ಟು ನೋಡುವ ಎಳೆ ಸ್ಪೀಕರಿನಲ್ಲಿ ಯಾವುದು?

ಇದೆ ಎಂದೇ ನನ್ನ ಅಭಿಪ್ರಾಯ. ಕವಿತೆಗೆ ಹೊರಗೊಂದು ಮೂಲಪ್ರತಿ ಇಲ್ಲ. ಅದನ್ನು ಮೆಚ್ಚುವವನ ರುಚಿ ಕೊನೆಗೂ ಅವನದೇ. ಸ್ಪೀಕರಾದರೋ ಕವಿಯಲ್ಲ, ಲಿಪಿಕಾರ. ಓಲೆಯ ಪ್ರತಿ ಮಾಡುವವನು ಅಕ್ಷರ ದುಂಡಗೆ ಬರೆಯಲಿ, ಸಂತೋಷ. ತನ್ನದೊಂದು ಸಾಲು ಸೇರಿಸಿದನೆಂದರೆ ಅವನನ್ನು ನಂಬುವಂತಿಲ್ಲ. ಲಿಪಿಕಾರನ ತಪ್ಪನ್ನು ಮೂಲದ ಪಕ್ಕದಲ್ಲಿಟ್ಟು ಹಿಡಿಯಬಹುದು. 1954ರಲ್ಲಿ ವಾರ್ಫ್‌ಡೇಲ್ ಸಂಸ್ಥೆಯ ಗಿಲ್ಬರ್ಟ್ ಬ್ರಿಗ್ಸ್ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಜನ ಸೇರಿಸಿ ಮಾಡಿದ್ದು ಇದನ್ನೇ: ವೇದಿಕೆಯ ಮೇಲೆ ವಾದಕರು, ಪಕ್ಕದಲ್ಲಿ ಅವರದೇ ಮುದ್ರಿತ ನಾದ. ಬಿ.ಬಿ.ಸಿ.ಯ ಎಂಜಿನಿಯರುಗಳೂ ಸ್ಟುಡಿಯೋದಲ್ಲಿ ಮಾತನಾಡುತ್ತಿದ್ದವರ ದನಿಯನ್ನು ಕಿವಿಯಾರೆ ಕೇಳಿ, ಪಕ್ಕದ ಕೋಣೆಯ ಸ್ಪೀಕರಿನಲ್ಲಿ ಬಂದುದಕ್ಕೆ ತಾಳೆ ಹಾಕುತ್ತಿದ್ದರು. ಯಾವ ಮೂಲಕ್ಕೆ ಹೋಲಿಸಿದೆನೆಂದು ಹೇಳದ ವಿಮರ್ಶಕ ತನ್ನ ವಿಶೇಷಣಗಳ ಮೇಲೆಯೇ ನಿಂತಿದ್ದಾನೆ. ನಮ್ಮ ಸ್ನೇಹಿತರ ಕಟ್ಟಿನಲ್ಲಿ ಮುಕ್ಕಾಲು ಪಾಲು ಅಂಥವೇ.

ಮೂಲ ಹುಡುಕಲು ಈ ಸೀಮೆಯವರು ಲಂಡನ್ನಿಗೆ ಹೋಗಬೇಕಾಗಿಲ್ಲ. ಹನೂರು ತಾಲ್ಲೂಕಿನ ಮಲೆಯಲ್ಲಿ ಮಾದಪ್ಪನಿದ್ದಾನೆ. ಅವನ ದೇವರಗುಡ್ಡರ ಕೈಯಲ್ಲಿ ಕಂಸಾಳೆ ಇದೆ. ಒಂದು ಬಟ್ಟಲಿನಂಥದು, ಇನ್ನೊಂದು ಚಪ್ಪಟೆ ತಾಳ, ಎರಡೂ ಕಂಚು. ಬಡಿದಾಗ ಮೊದಲು ಚುರುಕಾದ ಪೆಟ್ಟು, ಅದರ ಹಿಂದೆಯೇ ಉಳಿದು ಮೆಲ್ಲನೆ ಕರಗುವ ಗುಂಗು. ಕೆಟ್ಟ ಸ್ಪೀಕರಿನಲ್ಲಿ ಪೆಟ್ಟು ಇರುತ್ತದೆ, ಗುಂಗು ಇರುವುದಿಲ್ಲ. ಇಲ್ಲವೆ ಕಂಚು ಹೋಗಿ ತಗಡಾಗಿರುತ್ತದೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ಕೇಳುವ ನೀಲಗಾರರ ತಂಬೂರಿಯೂ ಅವರ ದನಿಯೂ ಇನ್ನೊಂದು ಪರೀಕ್ಷೆ. ರಾತ್ರಿಯಿಡೀ ಕಥೆ ಕೇಳಿ ಬೆಳೆದವನ ಕಿವಿಗೆ ದನಿಯಲ್ಲಿ ಗಂಟಲೆಷ್ಟು, ಪೆಟ್ಟಿಗೆಯೆಷ್ಟು ಎಂಬುದು ಕೂಡಲೆ ತಿಳಿಯುತ್ತದೆ. ಮುದ್ರಿಸಿದವನೇ ಕೆಡಿಸಿರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕಾಗಿಯೇ ಒಂದೇ ಮುದ್ರಿಕೆಯನ್ನು ಎಲ್ಲ ಜೋಡಿಗಳಲ್ಲೂ ಕೇಳಬೇಕು. ಸಾಧ್ಯವಾದರೆ ಮನೆಯವರ ಮಾತನ್ನೇ ಮುದ್ರಿಸಿಕೊಂಡು ಹೋಗಬೇಕು.

ಸ್ನೇಹಿತರು ಹಾಗೆಯೇ ಮಾಡಿದರು. ಹನೂರಿನ ಕಡೆಯ, ಕಂಸಾಳೆ ಬಾರಿಸುವ ಒಬ್ಬರನ್ನು ಜೊತೆಗೆ ಕರೆದುಕೊಂಡು ನಗರದ ಅಂಗಡಿಗೆ ಹೋಗಿ, ಪೆಟ್ಟಿಗೆಗಳ ಮುಂದೆ ಪರದೆ ಎಳೆಸಿದರು. ಅಂಗಡಿಯವನು ತನಗೆ ಬೇಕಾದ ಜೋಡಿಯನ್ನು ಕೊಂಚ ಜೋರಾಗಿ ನುಡಿಸಿದ. ಈ ಉಪಾಯ ಹಳೆಯದು, ಜೋರಾದದ್ದು ಚೆನ್ನಾದದ್ದೆಂದು ಎಂಥ ಕಿವಿಯೂ ಮೋಸಹೋಗುತ್ತದೆ. ಎರಡನ್ನೂ ಸಮ ಮಾಡಿಸಿದ ಮೇಲೆ ಆ ದುಬಾರಿ ಜೋಡಿಯನ್ನು ಕೇಳಿ ಹನೂರಿನವರು ಹೇಳಿದ್ದು ಇಷ್ಟೇ: “ಮೇಷ್ಟ್ರೇ, ಇದು ತಗಡು.” ಆ ಜೋಡಿಗೆ ಕಟ್ಟಿನಲ್ಲಿ ನಾಲ್ಕು ಪುಟದ ಹೊಗಳಿಕೆ ಇತ್ತು.

ಪರದೆಯ ಮಾತನ್ನು ಹುಡುಗಾಟವೆಂದು ತಿಳಿಯಬಾರದು. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಎಂಬ ಸಂಶೋಧಕರು ಹರ್ಮನ್ ಸಂಸ್ಥೆಯ ನೌಕರರನ್ನು ಕೂರಿಸಿ ಅವೇ ಸ್ಪೀಕರುಗಳನ್ನು ಒಮ್ಮೆ ಕಾಣದಂತೆ, ಒಮ್ಮೆ ಕಾಣುವಂತೆ ಕೇಳಿಸಿದರು. ಕಣ್ಣಿಗೆ ಕಂಡೊಡನೆ ದೊಡ್ಡ, ಚೆಲುವಾದ ಪೆಟ್ಟಿಗೆಗಳಿಗೆ ಅಂಕ ಏರಿತು. ಸಣ್ಣ, ಅಗ್ಗದ ಪ್ಲಾಸ್ಟಿಕ್ಕಿನದಕ್ಕೆ ಇಳಿಯಿತು. ಇವರಿಬ್ಬರೂ ಆಗ ಸ್ಪೀಕರು ತಯಾರಿಸುವ ಸಂಸ್ಥೆಯ ಸಂಬಳದವರೇ ಆಗಿದ್ದರು. ತಮ್ಮ ಸಂಸ್ಥೆಯವರ ಕಿವಿಯ ದೌರ್ಬಲ್ಯವನ್ನೇ ಪ್ರಕಟಿಸಿದ್ದರಿಂದ ನನಗೆ ಅವರಲ್ಲಿ ವಿಶ್ವಾಸ ಹೆಚ್ಚು. 2003ರಲ್ಲಿ ಆಲಿವ್ 200ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದರು. ತರಬೇತಾದವರು, ವ್ಯಾಪಾರಿಗಳು, ಪತ್ರಿಕೆಯ ವಿಮರ್ಶಕರು, ವಿದ್ಯಾರ್ಥಿಗಳು ಎಲ್ಲರೂ ಇದ್ದರು. ಕಾಣದೆ ಕೇಳಿದಾಗ ಇವರೆಲ್ಲರ ಮೆಚ್ಚುಗೆಯ ಕ್ರಮ ಬಹುಪಾಲು ಒಂದೇ. ತರಬೇತಿಯಿಂದ ಬಂದದ್ದು ಬೇರೆ ರುಚಿಯಲ್ಲ, ಕೇಳಿದಷ್ಟು ಸಲವೂ ಅದೇ ತೀರ್ಪು ಕೊಡುವ ಸ್ಥಿರತೆ. ಹೀಗಿರುವಾಗ ನಮ್ಮ ಮೇಷ್ಟರ ಕಿವಿಗಿಂತ ವಿಮರ್ಶಕನ ಕಿವಿ ಯಾವ ಹೆಚ್ಚಿನ ಹಕ್ಕಿನಿಂದ ಮಾತನಾಡೀತು? ಅವನು ಅಳತೆಯ ನಕ್ಷೆ ಕೊಟ್ಟಿದ್ದರೆ ಅದನ್ನು ನೋಡುತ್ತೇನೆ. ಪೆಟ್ಟಿಗೆಯನ್ನು ತಯಾರಕನಿಂದ ಎರವಲು ತಂದಿದ್ದನೋ, ಕೊಂಡಿದ್ದನೋ ಎಂಬುದನ್ನೂ ನೋಡುತ್ತೇನೆ. ವಿಶೇಷಣಗಳನ್ನು ಹಾರಿಸಿ ಓದುತ್ತೇನೆ.

ಇನ್ನು ಕೋಣೆ. ಮೇಷ್ಟರ ಭಾವಮೈದುನರು ಯಳಂದೂರಿನಲ್ಲಿ ಒಂದು ಒಳ್ಳೆಯ ಜೋಡಿಯನ್ನೇ ಕೊಂಡು, ಮೊಸಾಯಿಕ್ ನೆಲದ ಬರಿಯ ಹಜಾರದ ಮೂಲೆಯಲ್ಲಿಟ್ಟರು. ಮೃದಂಗದ ಎಡಗೈ ಕೊಡದ ಬಾವಿಯಂತೆ ಮೊಳಗುತ್ತಿದೆ! ತಗ್ಗಿನ ಸ್ವರಗಳಲ್ಲಿ ಗೋಡೆ ಮೂಲೆಗಳ ಪಾಲು ಪೆಟ್ಟಿಗೆಯದಕ್ಕಿಂತ ಕಡಿಮೆಯೇನಲ್ಲ. ಮೂಲೆಯಿಂದ ಎರಡಡಿ ಈಚೆಗೆ ಎಳೆದು, ನೆಲಕ್ಕೊಂದು ಜಮಖಾನ ಹಾಸಿದ ಮೇಲೆ ಅರ್ಧ ಗುಡುಗು ಇಳಿಯಿತು. ಬೇರೆ ಯಾರದೋ ಕೋಣೆಯಲ್ಲಿ ಕೂತು ಬರೆದ ವಿಮರ್ಶೆ ಈ ಹಜಾರದ ವಿಷಯ ಏನು ಹೇಳೀತು? ಒಂದು ವಾರ ಮನೆಯಲ್ಲಿಟ್ಟು ಕೇಳಿ ನೋಡಿ ಎಂದು ಜೋಡಿಯನ್ನು ಕಳಿಸಿಕೊಡುವ ಅಂಗಡಿಯನ್ನು ಮೇಷ್ಟರು ಈಗ ಹುಡುಕುತ್ತಿದ್ದಾರೆ. ವಿಮರ್ಶೆಗಳ ಕಟ್ಟನ್ನು ಅವರು ನನ್ನಿಂದ ಇನ್ನೂ ವಾಪಸು ಕೇಳಿಲ್ಲ.