ಸಾರ್ವಭೌಮತ್ವ ಯಾರಿಗೆ ಸಲ್ಲತಕ್ಕದ್ದು? ಜಾಕ್ ಮಾರಿಟೇನರ ವಾದದ ವಿಮರ್ಶೆ

ರಾಜ್ಯದ ಸಾರ್ವಭೌಮತ್ವಕ್ಕೆ ಮಿತಿ ಹಾಕಬೇಕೆಂದ ಚಿಂತಕರು ಅನೇಕರು. ಆ ಪರಿಕಲ್ಪನೆಯನ್ನೇ ಕೈಬಿಡಬೇಕೆಂದವರು ವಿರಳ. ಫ್ರೆಂಚ್ ಕಥೋಲಿಕ ತತ್ತ್ವಜ್ಞಾನಿ ಜಾಕ್ ಮಾರಿಟೇನರು 1951ರಲ್ಲಿ ಪ್ರಕಟವಾದ ‘ಮ್ಯಾನ್ ಅಂಡ್ ದಿ ಸ್ಟೇಟ್’ ಕೃತಿಯಲ್ಲಿ ಹಿಡಿದದ್ದು ಈ ಎರಡನೆಯ ದಾರಿ.

ಜೀನ್ ಬೋಡಿನ್ 1576ರಲ್ಲಿ ರೂಪಿಸಿದ ಸಿದ್ಧಾಂತದಲ್ಲಿ ಸಾರ್ವಭೌಮನು ಜನಸಮುದಾಯದ ಶ್ರೇಷ್ಠ ಅಂಗವಲ್ಲ; ಅದರಿಂದ ಬೇರ್ಪಟ್ಟು ಅದರ ಮೇಲೆ ನಿಂತವನು, ದೇವರಿಗಲ್ಲದೆ ಮತ್ತಾರಿಗೂ ಉತ್ತರದಾಯಿಯಲ್ಲದವನು. ಹಾಬ್ಸ್ 1651ರಲ್ಲಿ ರಾಜ್ಯವನ್ನು ಮರ್ತ್ಯ ದೇವರೆಂದು ಕರೆದದ್ದು ಇದೇ ತರ್ಕದ ಮುಂದುವರಿಕೆ. ಇಂಥ ಪ್ರಭುತ್ವಕ್ಕೆ ಯಾವ ರಾಜ್ಯವೂ ಅರ್ಹವಲ್ಲ ಎಂಬುದು ಮಾರಿಟೇನರ ತೀರ್ಮಾನ. ಶಾಸನಾಧಿಕಾರವು ಇಡೀ ಸಮುದಾಯಕ್ಕೆ ಅಥವಾ ಅದರ ಹೊಣೆ ಹೊತ್ತವನಿಗೆ ಸೇರಿದ್ದೆಂಬ ಸಂತ ಥಾಮಸ್ ಅಕ್ವಿನಾಸರ ಬೋಧನೆಗೆ ಅವರು ಮರಳುತ್ತಾರೆ: ಆಳುವವನು ಜನರ ಪ್ರತಿನಿಧಿ, ರಾಜ್ಯವು ಜನಹಿತದ ಸಾಧನ. ಪಿಲಾತನ ಮುಂದೆ ನಿಂತ ಯೇಸುಸ್ವಾಮಿ ಅವನ ಅಧಿಕಾರವನ್ನು ಅಲ್ಲಗಳೆಯಲಿಲ್ಲ. ಅದು ಮೇಲಿನಿಂದ ದೊರೆತದ್ದೆಂದು ನೆನಪಿಸಿದರು. ದೊರೆತ ಅಧಿಕಾರಕ್ಕೆ ಲೆಕ್ಕ ಒಪ್ಪಿಸಲೇಬೇಕು.

ಆದರೂ ಎರಡು ಆಕ್ಷೇಪಗಳು ಉಳಿಯುತ್ತವೆ. ಮಾರಿಟೇನರ ಕಣ್ಣೆದುರಿಗಿದ್ದದ್ದು ನಿರಂಕುಶ ಪ್ರಭುತ್ವಗಳಿಂದ ನೊಂದ ಯುರೋಪು. ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲಿ ‘ಸಾರ್ವಭೌಮ’ ಎಂಬ ಪದ ಪರಕೀಯರ ಆಳ್ವಿಕೆ ಮುಗಿಯಿತೆಂಬ ಘೋಷಣೆ. ಅದಕ್ಕೆ ‘ಸ್ವಾಯತ್ತತೆ’ ಸಾಕೆಂದು ಅವರು ಉತ್ತರಿಸಬಹುದು. ಆದರೆ ಬಲಾಢ್ಯರ ಎದುರು ದುರ್ಬಲ ರಾಷ್ಟ್ರ ಆಸರೆಗೆ ಹಿಡಿಯುವುದು ಆ ಹಳೆಯ ಪದವನ್ನೇ.

ಎರಡನೆಯ ಆಕ್ಷೇಪ ನಮಗೆ ಇನ್ನೂ ಹತ್ತಿರದ್ದು. ರಾಜ್ಯಕ್ಕೆ ನಿರಾಕರಿಸಿದ ಸಾರ್ವಭೌಮತ್ವವನ್ನು ಮಾರಿಟೇನರು ಧರ್ಮಸಭೆಯೊಳಗೆ ಪೋಪರಿಗೆ ಒಪ್ಪಿಸುತ್ತಾರೆ. ಅವರು ಕ್ರಿಸ್ತರ ಪ್ರತಿನಿಧಿ ಎಂಬುದೇ ಕಾರಣ. ಧರ್ಮಸಭೆಯ ಅಧಿಕಾರ ಕ್ರಿಸ್ತರಿಂದ ಬಂದದ್ದು, ಜನರಿಂದ ಹುಟ್ಟಿದ್ದಲ್ಲ ಎಂಬುದು ನಿಜ. ಆದರೆ ಮೂಲ ಬೇರೆಯೆಂದ ಮಾತ್ರಕ್ಕೆ ಅಧಿಕಾರಿಯು ಸಮುದಾಯದಿಂದ ಬೇರ್ಪಟ್ಟು ಅದರ ಮೇಲೆ ನಿಲ್ಲಬೇಕೆಂದು ಸಿದ್ಧವಾಗುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರ ‘ಲೂಮೆನ್ ಜೆಂಷಿಯುಂ’ ಸಂವಿಧಾನದಲ್ಲಿ ಮೊದಲು ದೇವಜನರನ್ನು ಕುರಿತು ಹೇಳಿ, ಆಮೇಲೆ ಯಾಜಕಶ್ರೇಣಿಯ ವಿಚಾರಕ್ಕೆ ಬಂದದ್ದು ಈ ದೃಷ್ಟಿಯಿಂದ ಅರ್ಥಪೂರ್ಣ.

ಹೀಗಾಗಿ ಮಾರಿಟೇನರ ಪ್ರಶ್ನೆ ಅವರು ನಿಲ್ಲಿಸಿದಲ್ಲಿ ನಿಲ್ಲಲಾರದು. ಅದು ನಮ್ಮ ಧರ್ಮಕೇಂದ್ರಗಳ ಬಾಗಿಲನ್ನೂ ತಟ್ಟುತ್ತದೆ. ಧರ್ಮಕೇಂದ್ರದ ಜನರು ಲೆಕ್ಕ ಕೇಳಿದಾಗ ಅದನ್ನು ಅವಿಧೇಯತೆಯೆಂದು ಬಗೆಯುವ ಗುರು, ತಿಳಿಯದೆಯೇ ಬೋಡಿನನ ಶಿಷ್ಯನಾಗಿದ್ದಾನೆ. ಶಿಷ್ಯರ ಪಾದ ತೊಳೆದ ಪ್ರಭುವಿನ ಪ್ರತಿನಿಧಿಗೆ ಅದು ಒಪ್ಪುವ ಶಿಷ್ಯತ್ವವಲ್ಲ.